ಬಸ್ಸಿಳಿದ ಮೇಲಿನ ದಾರಿ



ರೇಡಿಯೋವನ್ನು ಜನ ಈಗ ಅಡುಗೆಮನೆಗಿಂತ ಹೆಚ್ಚಾಗಿ ಕಾರಿನಲ್ಲೇ ಕೇಳುತ್ತಾರೆ ಎಂದು ಗೆಳೆಯರೊಬ್ಬರು ನನಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದಾರೆ. ಹಾಗಿದ್ದರೆ ಈ ಹೊತ್ತಿನಲ್ಲಿ ಹೆಬ್ಬಾಳದಲ್ಲೋ ಮಾರತ್ತಹಳ್ಳಿಯಲ್ಲೋ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ನನ್ನ ಮಾತು ಕೇಳುತ್ತಿರುವವರು ಹಲವರಿದ್ದೀರಿ. ಗಾಬರಿಯಾಗಬೇಡಿ. ಕಾರು ಬಿಟ್ಟು ನಡೆಯಿರಿ, ಮೈಗೂ ಒಳ್ಳೆಯದು ಊರಿಗೂ ಒಳ್ಳೆಯದು ಎಂದು ಬುದ್ಧಿ ಹೇಳಲು ನಾನು ಬಂದಿಲ್ಲ. ಆ ಬುದ್ಧಿಮಾತು ನಮಗೆ ಬೇಕಾದಷ್ಟು ಸಿಕ್ಕಿದೆ. 2010ರಲ್ಲಿ ಬಿ.ಎಂ.ಟಿ.ಸಿ.ಯವರು ಪ್ರತಿ ತಿಂಗಳ 4ನೇ ತಾರೀಖನ್ನು ‘ಬಸ್ ದಿನ’ ಎಂದು ಆಚರಿಸಲು ಶುರುಮಾಡಿದರು. ಅವತ್ತೊಂದು ದಿನ ಗಾಡಿ ಮನೆಯಲ್ಲಿಟ್ಟು ಬಸ್ಸು ಹತ್ತಿ ಎಂದು ಕೇಳಿಕೊಂಡರು. ಉದ್ದೇಶ ಒಳ್ಳೆಯದೇ. ಆದರೆ 5ನೇ ತಾರೀಖು ಬೆಳಿಗ್ಗೆ ರಸ್ತೆ ಹಿಂದಿನ ಹಾಗೇ ಇತ್ತು, ಬಸ್ ನಿಲ್ದಾಣಕ್ಕೆ ಹೋಗುವ ದಾರಿಯೂ ಹಿಂದಿನ ಹಾಗೇ ಇತ್ತು. ಜನ ಮತ್ತೆ ಗಾಡಿಯ ಕೀಲಿಕೈ ತೆಗೆದುಕೊಂಡರು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಈಗ ಒಂದು ಕೋಟಿಯನ್ನು ದಾಟಿದೆ. ಅದರಲ್ಲಿ ದೊಡ್ಡ ಪಾಲು ದ್ವಿಚಕ್ರ ವಾಹನಗಳದ್ದು. ಇಷ್ಟು ಜನ ಹಠಮಾರಿಗಳಾಗಿ, ಸೋಮಾರಿಗಳಾಗಿ ಗಾಡಿ ಕೊಂಡರು ಎಂದು ನಾನು ನಂಬುವುದಿಲ್ಲ.

ಬುದ್ಧಿಮಾತು ಬೇಡ ಎನ್ನಲು ಇನ್ನೊಂದು ಕಾರಣವಿದೆ. ಈ ಊರಿನ ಜನ ಈಗಾಗಲೇ ನಡೆಯುತ್ತಿದ್ದಾರೆ. ಬೆಳಿಗ್ಗೆ ಎಂಟರ ಹೊತ್ತಿಗೆ ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಒಂದು ಗಳಿಗೆ ನಿಂತು ನೋಡಿ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಊಟದ ಡಬ್ಬಿಯ ಬ್ಯಾಗು ತೋಳಿಗೆ ಹಾಕಿಕೊಂಡು, ಪಕ್ಕದಲ್ಲಿ ಹೋಗುವ ಲಾರಿಗೆ ಭುಜ ತಾಗೀತು ಎನ್ನುವಷ್ಟು ಹತ್ತಿರದಲ್ಲಿ, ಬಿರಬಿರನೆ ನಡೆಯುತ್ತಿರುತ್ತಾರೆ. ಗೇಟು ಹಾಕುವ ಮೊದಲು ತಲುಪಬೇಕಲ್ಲ. ಪೌರಕಾರ್ಮಿಕರು, ಗಾರೆ ಕೆಲಸದವರು, ನಾಲ್ಕು ಮನೆ ಕೆಲಸ ಮುಗಿಸಿ ಐದನೆಯದಕ್ಕೆ ಹೋಗುವ ಅಕ್ಕಂದಿರು, ಸರ್ಕಾರಿ ಶಾಲೆಯ ಮಕ್ಕಳು, ಇವರಿಗೆಲ್ಲ ‘ನಡೆಯಿರಿ’ ಎಂದರೆ ನಗುತ್ತಾರೆ. ಬಸ್ಸು ಹತ್ತುವವರೂ ಮೆಟ್ರೋ ಹತ್ತುವವರೂ ದಿನಕ್ಕೆ ನಾಲ್ಕು ಸಲ ಪಾದಚಾರಿಗಳೇ: ಹೋಗುವಾಗ ಮನೆಯಿಂದ ನಿಲ್ದಾಣಕ್ಕೆ, ಇಳಿದು ಕೆಲಸದ ಜಾಗಕ್ಕೆ, ಸಂಜೆ ಅದೇ ದಾರಿಯಲ್ಲಿ ಹಿಂದಕ್ಕೆ.

ಇನ್ನೊಂದು ತರಹದ ನಡೆಯುವವರೂ ಇದ್ದಾರೆ. ಮುಂಜಾನೆ ಲಾಲ್‌ಬಾಗಿನ ಗೇಟುಗಳ ಹತ್ತಿರ ನಿಂತ ಸ್ಕೂಟರು ಕಾರುಗಳ ಸಾಲನ್ನು ನೋಡಿದ್ದೀರಲ್ಲ. ಮನೆಯಿಂದ ಗಾಡಿಯಲ್ಲಿ ಬಂದು, ಒಳಗೆ ಎರಡು ಸುತ್ತು ನಡೆದು, ಮತ್ತೆ ಗಾಡಿಯಲ್ಲೇ ಮನೆಗೆ. ಅವರನ್ನು ಕಂಡು ನಗುವುದು ಸುಲಭ. ನನಗೆ ಅವರು ಬಹಳ ತಿಳಿದವರಾಗಿ ಕಾಣುತ್ತಾರೆ. ಒಳಗಿನ ದಾರಿ ಸಮವಾಗಿದೆ, ಅಲ್ಲಿ ಹಾರನ್ ಇಲ್ಲ, ಹಿಂದಿನಿಂದ ಬೈಕು ಬಂದು ‘ಸೈಡಿಗೆ ಹೋಗಿ ಅಂಕಲ್’ ಎನ್ನುವುದಿಲ್ಲ. ಒಂದು ಕಿಲೋಮೀಟರು ದೂರದ ತಮ್ಮ ಮನೆಯಿಂದ ಗೇಟಿನವರೆಗಿನ ದಾರಿ ಎಂಥದ್ದು ಎನ್ನುವುದು ಅವರ ಮೊಣಕಾಲಿಗೆ ಚೆನ್ನಾಗಿ ಗೊತ್ತು. ನಡೆಯುವ ಆಸೆ ಇದೆ, ನಡೆಯುವ ಶಕ್ತಿ ಇದೆ, ನಡೆದು ಎಲ್ಲಿಗಾದರೂ ಹೋಗುವ ದಾರಿ ಮಾತ್ರ ಇಲ್ಲ.

ಹಾಗಾಗಿ ಇವತ್ತು ನನ್ನ ಮಾತೆಲ್ಲ ಆ ದಾರಿಯ ಬಗ್ಗೆ. ಬಸ್ಸು, ಮೆಟ್ರೋ, ಸೈಕಲ್ಲು ಯಾವುದೇ ಇರಲಿ, ಅದು ಕಾರಿಗೆ ಬದಲಿಯಾಗಿ ನಿಲ್ಲಬೇಕಾದರೆ ಅದರ ಎರಡೂ ತುದಿಯ ಐನೂರು ಮೀಟರು ಸರಿಯಿರಬೇಕು. ಆ ಐನೂರು ಮೀಟರಿನಲ್ಲಿ ಸೋತರೆ ಉಳಿದದ್ದೆಲ್ಲ ಸೋತ ಹಾಗೆ.

ಫುಟ್‌ಪಾತಿನಿಂದಲೇ ಶುರುಮಾಡೋಣ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಫುಟ್‌ಪಾತು ಎಂದರೆ ಮೋರಿಯ ಮೇಲೆ ಹಾಸಿದ ಕಲ್ಲುಚಪ್ಪಡಿ. ಕೆಳಗೆ ಮಳೆನೀರು, ಮೇಲೆ ಮನುಷ್ಯರು. ಮೋರಿ ಕಟ್ಟಿಕೊಂಡಾಗ ಚಪ್ಪಡಿ ಎಬ್ಬಿಸುತ್ತಾರೆ; ಹೂಳು ತೆಗೆದು ಪಕ್ಕಕ್ಕೆ ಸುರಿಯುತ್ತಾರೆ; ಚಪ್ಪಡಿ ಮತ್ತೆ ಕೂರುವಾಗ ಅರ್ಧ ಅಂಗುಲ ಓರೆಯಾಗುತ್ತದೆ, ಇಲ್ಲವೇ ಕೂರುವುದೇ ಇಲ್ಲ. ಆಮೇಲೆ ಬೆಸ್ಕಾಂನ ಕಂಬ, ಟ್ರಾನ್ಸ್‌ಫಾರ್ಮರು, ಜಲಮಂಡಳಿಯ ಅಗೆತ, ಇಂಟರ್‌ನೆಟ್ಟಿನ ಕೇಬಲ್ ಸುರುಳಿ, ಯಾರದ್ದೋ ಮನೆ ಕಟ್ಟುವ ಜಲ್ಲಿ. ಒಬ್ಬೊಬ್ಬರ ಕೆಲಸವೂ ನ್ಯಾಯವಾದದ್ದೇ. ಎಲ್ಲ ಸೇರಿ ನಡೆಯುವವನನ್ನು ರಸ್ತೆಗೆ ಇಳಿಸುತ್ತವೆ.

ಎತ್ತರದ ಸಂಗತಿ ಬೇರೆಯೇ ಇದೆ. ಗಾಡಿಗಳು ಹತ್ತದಿರಲಿ ಎಂದು ಕೆಲವು ಕಡೆ ಫುಟ್‌ಪಾತನ್ನು ಮೊಣಕಾಲೆತ್ತರಕ್ಕೆ ಕಟ್ಟಿದ್ದಾರೆ. ಬೈಕಿನವರು ಹೇಗೋ ಇಳಿಜಾರು ಹುಡುಕಿ ಹತ್ತುತ್ತಾರೆ, ಎಪ್ಪತ್ತು ವರ್ಷದ ಅಜ್ಜಿಗೆ ಹತ್ತಲಾಗುವುದಿಲ್ಲ. ಪಾದಚಾರಿ ಸೌಲಭ್ಯಗಳ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಇದಕ್ಕೆಲ್ಲ ಸ್ಪಷ್ಟವಾದ ಲೆಕ್ಕ ಇದೆ. ಫುಟ್‌ಪಾತಿನ ಅಂಚು 150 ಮಿಲಿಮೀಟರಿಗಿಂತ ಎತ್ತರ ಇರಕೂಡದು, ಅಂದರೆ ಸುಮಾರು ಆರು ಅಂಗುಲ. ನಡೆಯಲು ಯಾವ ಅಡ್ಡಿಯೂ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಎರಡು ಗಾಲಿಕುರ್ಚಿಗಳು ಎದುರುಬದುರಾದರೂ ದಾಟಿಹೋಗುವಷ್ಟು ಜಾಗ ಅದು. ಅಡ್ಡಿಯಿಲ್ಲದ ಎಂಬ ಮಾತನ್ನು ಗಮನಿಸಿ. ಎರಡು ಮೀಟರಿನ ಫುಟ್‌ಪಾತಿನ ನಟ್ಟನಡುವೆ ಟ್ರಾನ್ಸ್‌ಫಾರ್ಮರ್ ಇಟ್ಟರೆ ಅದು ಟ್ರಾನ್ಸ್‌ಫಾರ್ಮರಿನ ಕಟ್ಟೆ, ಫುಟ್‌ಪಾತಲ್ಲ.

ಮನೆಗಳ ಗೇಟು ಬಂದ ಕಡೆಯಲ್ಲೆಲ್ಲ ನಮ್ಮಲ್ಲಿ ಫುಟ್‌ಪಾತನ್ನು ರಸ್ತೆಯ ಮಟ್ಟಕ್ಕೆ ಇಳಿಸಿಬಿಡುತ್ತಾರೆ, ಕಾರು ಸಲೀಸಾಗಿ ಒಳಗೆ ಹೋಗಲಿ ಎಂದು. ಹತ್ತು ಮನೆ ಇರುವ ಬೀದಿಯಲ್ಲಿ ನಡೆಯುವವನು ಹತ್ತು ಸಲ ಇಳಿದು ಹತ್ತು ಸಲ ಹತ್ತಬೇಕು. ದಿನಕ್ಕೆರಡು ಸಲ ಹೊರಗೆ ಬರುವ ಕಾರಿಗೋಸ್ಕರ ದಿನವಿಡೀ ಓಡಾಡುವ ಜನ ಕಸರತ್ತು ಮಾಡಬೇಕು. ಸರಿಯಾಗಿ ಕಟ್ಟಿದ ಬೀದಿಯಲ್ಲಿ ಇದು ತಿರುವುಮುರುವು: ಫುಟ್‌ಪಾತು ಒಂದೇ ಮಟ್ಟದಲ್ಲಿ ಸಾಗುತ್ತದೆ, ಕಾರೇ ಸಣ್ಣ ಇಳಿಜಾರು ಹತ್ತಿ, ಅದನ್ನು ದಾಟಿ, ಒಳಗೆ ಹೋಗುತ್ತದೆ. ಇದಕ್ಕೆ ಹೆಚ್ಚು ಸಿಮೆಂಟು ಬೇಡ. ಯಾರು ಯಾರಿಗೆ ಬಗ್ಗಬೇಕು ಎಂದು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು, ಅಷ್ಟೇ.

ಇದೆಲ್ಲ ನಮ್ಮಿಂದ ಆಗದ ಕೆಲಸ ಎನ್ನುವವರು ರೆಸಿಡೆನ್ಸಿ ರಸ್ತೆಗೋ ಕನ್ನಿಂಗ್‌ಹ್ಯಾಂ ರಸ್ತೆಗೋ ಹೋಗಿ ಬರಬೇಕು. ಹತ್ತು ಹನ್ನೆರಡು ವರ್ಷದ ಹಿಂದೆ ‘ಟೆಂಡರ್ ಶ್ಯೂರ್’ ಎಂಬ ಹೆಸರಿನಲ್ಲಿ ಆ ರಸ್ತೆಗಳನ್ನು ಹೊಸದಾಗಿ ಕಟ್ಟಿದರು. ಮೊದಲು ನೆಲದಡಿಯ ಕೆಲಸ. ನೀರು, ಒಳಚರಂಡಿ, ವಿದ್ಯುತ್ತು, ಕೇಬಲ್ಲು ಎಲ್ಲಕ್ಕೂ ಜಾಗ ಗೊತ್ತುಮಾಡಿ, ಮತ್ತೆ ಮತ್ತೆ ಅಗೆಯುವ ಕಾಟ ತಪ್ಪಿಸಿ, ಅದರ ಮೇಲೆ ಅಗಲವಾದ ಫುಟ್‌ಪಾತು. ವಾಹನಗಳಿಗೆ ರಸ್ತೆಯುದ್ದಕ್ಕೂ ಒಂದೇ ಅಗಲದ ಪಥ. ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗುವ ರಸ್ತೆಯಲ್ಲೇ ಗಾಡಿಗಳು ಸಿಕ್ಕಿಕೊಳ್ಳುವುದು ಎಂಬುದು ಅದರ ಹಿಂದಿನ ತರ್ಕ. ರಸ್ತೆ ಕಿರಿದು ಮಾಡಿದರು ಎಂದು ಆಗ ಬೈದವರು ಕಡಿಮೆಯಿಲ್ಲ, ದುಡ್ಡು ಬಹಳ ಸುರಿದರು ಎಂದವರೂ ಇದ್ದಾರೆ. ನನ್ನ ತಕರಾರು ಬೇರೆ. ಅಂಥ ರಸ್ತೆಗಳು ಊರಿನ ನಡುಮಧ್ಯದಲ್ಲೇ ಉಳಿದವು. ಲಗ್ಗೆರೆಯಲ್ಲೋ ಕಾಮಾಕ್ಷಿಪಾಳ್ಯದಲ್ಲೋ ನಡೆಯುವವರ ಸಂಖ್ಯೆ ವಿಠಲ್ ಮಲ್ಯ ರಸ್ತೆಗಿಂತ ಕಡಿಮೆ ಎಂದು ಯಾರೂ ಹೇಳಲಾರರು.

ಇನ್ನು ರಸ್ತೆ ದಾಟುವುದು. ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಮನುಷ್ಯ ಸಾಮಾನ್ಯ ವೇಗದಲ್ಲಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಎಂದು ಸಿಗ್ನಲ್ ಲೆಕ್ಕ ಹಾಕುವ ಎಂಜಿನಿಯರುಗಳು ಇಟ್ಟುಕೊಳ್ಳುತ್ತಾರೆ. 20 ಮೀಟರ್ ಅಗಲದ ರಸ್ತೆಗೆ 17 ಸೆಕೆಂಡು ಬೇಕು. ಕೈಯಲ್ಲಿ ತರಕಾರಿ ಚೀಲ ಹಿಡಿದ, ಮಂಡಿನೋವಿರುವ ಹಿರಿಯರು ಸೆಕೆಂಡಿಗೆ 0.8 ಮೀಟರ್ ನಡೆದರೆ ಹೆಚ್ಚು. ಅವರಿಗೆ 25 ಸೆಕೆಂಡು. ಎಂಟು ಸೆಕೆಂಡಿನ ಈ ವ್ಯತ್ಯಾಸದಲ್ಲಿ ಅವರು ರಸ್ತೆಯ ಮಧ್ಯೆ, ರೇಸ್ ಮಾಡುತ್ತಾ ನಿಂತ ಬೈಕುಗಳ ಎದುರಿಗೆ ಇರುತ್ತಾರೆ. ಅದೂ ಪಾದಚಾರಿಗಳಿಗೆ ಸಿಗ್ನಲ್ ಇದ್ದು, ಅದು ಕೆಲಸ ಮಾಡುತ್ತಿದ್ದರೆ. ಸಿಗ್ನಲ್ ಇಲ್ಲದ ಝೀಬ್ರಾ ಪಟ್ಟೆಯ ಮೇಲೆ ನಡೆಯುವವರಿಗೇ ಮೊದಲ ಹಕ್ಕು ಎಂದು ಮೋಟಾರು ವಾಹನ ಚಾಲನಾ ನಿಯಮಗಳು ಹೇಳುತ್ತವೆ. ಚಾಲನಾ ಪರವಾನಗಿಯ ಪರೀಕ್ಷೆಗೆ ಓದಿದವರಿಗೆಲ್ಲ ಇದು ಗೊತ್ತಿರಬೇಕು. ನಮ್ಮಲ್ಲಿ ಕೈಯೆತ್ತಿ, ಅಂಗೈ ತೋರಿಸಿ, ಒಂದೊಂದು ಗಾಡಿಯನ್ನೂ ಬೇಡಿಕೊಳ್ಳುತ್ತಾ ದಾಟುವುದೇ ರೂಢಿ.

ಇದಕ್ಕೆ ಪರಿಹಾರ ಎಂದು ಬಂದದ್ದು ಸ್ಕೈವಾಕು. ಹೆದ್ದಾರಿಯ ಮೇಲೆ, ಹೊರವರ್ತುಲ ರಸ್ತೆಯಂಥ ಕಡೆ ಅದು ಬೇಕು, ಒಪ್ಪುತ್ತೇನೆ. ಊರೊಳಗಿನ ರಸ್ತೆಯಲ್ಲೂ ಎರಡು ಮಹಡಿ ಎತ್ತರ ಹತ್ತಿ ಇಳಿಯಿರಿ ಎಂದರೆ ಗಾಡಿಗಳು ಅರ್ಧ ನಿಮಿಷ ನಿಲ್ಲದಿರಲಿ ಎಂದು ನಡೆಯುವವರ ಮೇಲೆ ಹಾಕಿದ ತೆರಿಗೆ ಅದು. ಲಿಫ್ಟ್ ಇಟ್ಟಿರುತ್ತಾರೆ, ಅದರ ಬಾಗಿಲಿಗೆ ಬೀಗ. ಜಾಹೀರಾತಿನ ಫಲಕದ ದೀಪ ಮಾತ್ರ ಒಂದು ದಿನವೂ ಆರುವುದಿಲ್ಲ.

ಬಸ್ಸಿನ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನವರು ಕಾರು ಬಿಡುವುದೇ ಇಲ್ಲ ಎನ್ನುವುದು ಸುಳ್ಳು. 2006ರಲ್ಲಿ ‘ವಜ್ರ’ ಎಂಬ ಹೆಸರಿನ ಹವಾನಿಯಂತ್ರಿತ ವೋಲ್ವೋ ಬಸ್ಸು ಬಂದಾಗ ಐಟಿ ಕಂಪನಿಗಳ ಎಷ್ಟೋ ಜನ ಕಾರು ಬಿಟ್ಟು ಅದನ್ನು ಹತ್ತಿದರು. 2019ರ ಕೊನೆಗೆ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ದಿಕ್ಕಿಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಪಥ ಬಿಟ್ಟು, ಗೂಟ ನೆಟ್ಟರು. ಪಕ್ಕದಲ್ಲಿ ಕಾರುಗಳು ತೆವಳುತ್ತಿದ್ದಾಗ ಬಸ್ಸು ಮುಂದೆ ಹೋಯಿತು. ಕಾರಿನಲ್ಲಿ ಕೂತವರ ಮನಸ್ಸು ಬದಲಿಸಲು ಇದಕ್ಕಿಂತ ಒಳ್ಳೆಯ ಜಾಹೀರಾತು ಇನ್ನೊಂದಿಲ್ಲ: ನಾನು ನಿಂತಿದ್ದೇನೆ, ಬಸ್ಸಿನವನು ಹೋಗುತ್ತಿದ್ದಾನೆ. ಆಮೇಲೆ ಕೋವಿಡ್ ಬಂತು, ಅದೇ ರಸ್ತೆಯಲ್ಲಿ ಮೆಟ್ರೋ ಕಾಮಗಾರಿ ಬಂತು, ಪಥ ಹೋಯಿತು. ಅದು ಮತ್ತೆ ಬರಬೇಕು, ಬೇರೆ ರಸ್ತೆಗಳಿಗೂ ಬರಬೇಕು. ಅರವತ್ತು ಜನರನ್ನು ಹೊತ್ತ ಬಸ್ಸು ಒಬ್ಬೊಬ್ಬರೇ ಕೂತ ಮೂರು ಕಾರುಗಳ ಹಿಂದೆ ಕಾಯುವುದಕ್ಕೆ ಯಾವ ನ್ಯಾಯವೂ ಇಲ್ಲ.

2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲ. ಅದರ ಬಗ್ಗೆ ಪರ ವಿರೋಧ ಏನೇ ಇರಲಿ, ಬಸ್ಸಿನಲ್ಲಿ ಹೆಂಗಸರ ಸಂಖ್ಯೆ ಹೆಚ್ಚಿದ್ದು ಕಣ್ಣಿಗೆ ಕಾಣುತ್ತದೆ. ಇವರಲ್ಲಿ ಎಷ್ಟೋ ಜನ ಸಂಜೆ ಏಳರ ಮೇಲೆ ಇಳಿಯುವವರು. ನಿಲ್ದಾಣದಲ್ಲಿ ದೀಪ ಇರುತ್ತದೆ, ಅಲ್ಲಿಂದ ಮನೆಯವರೆಗಿನ ಅಡ್ಡರಸ್ತೆಯಲ್ಲಿ ಇರುವುದಿಲ್ಲ. ಟಿಕೆಟ್ಟು ಬಿಟ್ಟಿಯಾದರೂ ಆ ಕತ್ತಲ ದಾರಿಗೆ ಹೆದರಿ ಮನೆಯವರು ‘ಬೇಡಮ್ಮ, ಸ್ಕೂಟಿ ತೆಗೆದುಕೊಡ್ತೀವಿ’ ಎನ್ನುತ್ತಾರೆ. ಮಗಳ ಸುರಕ್ಷೆಗೆಂದು ಕಂತಿನಲ್ಲಿ ಕೊಂಡ ಅಂಥ ಸ್ಕೂಟಿಗಳು ಆ ಒಂದು ಕೋಟಿಯ ಲೆಕ್ಕದಲ್ಲಿ ಬೇಕಾದಷ್ಟಿವೆ.

ಮೆಟ್ರೋದ ಕಥೆಯೂ ಇದೇ ದಾರಿಯಲ್ಲಿ ನಿಂತಿದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಓಡಿದ ರೈಲು ಈಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟಕ್ಕೆ ಹೋಗುತ್ತದೆ, ಮಾದಾವರಕ್ಕೆ ಹೋಗುತ್ತದೆ, 2025ರ ಆಗಸ್ಟಿನಿಂದ ಬೊಮ್ಮಸಂದ್ರಕ್ಕೂ ಹೋಗುತ್ತದೆ. ರೈಲಿನೊಳಗೆ ತಂಪು, ಶುಚಿ, ಹೊತ್ತಿಗೆ ಸರಿಯಾಗಿ. ಎಸ್ಕಲೇಟರು ಇಳಿದು ಹೊರಗೆ ಕಾಲಿಟ್ಟರೆ ಎದುರಿಗೆ ನಾಲ್ಕು ಆಟೋ, ಒಂದು ತೆರೆದ ಮೋರಿ. ಮುಕ್ಕಾಲು ಕಿಲೋಮೀಟರಿಗೆ ಆಟೋದವರು ಕೇಳುವ ಹಣ ಕೆಲವು ಸಲ ರೈಲಿನ ಟಿಕೆಟ್ಟಿಗಿಂತ ಹೆಚ್ಚು. 2025ರ ಫೆಬ್ರುವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ, ಒಂದೇ ಬೈಕಿನ ಪೆಟ್ರೋಲು ಅಗ್ಗ ಎಂದು ರಾತ್ರಿ ಊಟದ ಹೊತ್ತಿಗೆ ತೀರ್ಮಾನವಾಗಿರುತ್ತದೆ. ಆ ಲೆಕ್ಕದಲ್ಲಿ ತಪ್ಪಿಲ್ಲ. ಲೆಕ್ಕ ಬದಲಾಗಬೇಕಾದರೆ ದರವೂ ಬದಲಾಗಬೇಕು, ನಿಲ್ದಾಣದ ಹೊರಗಿನ ಐನೂರು ಮೀಟರೂ ಬದಲಾಗಬೇಕು.

ಸೈಕಲ್ಲಿನ ಬಗ್ಗೆ ಎರಡು ಮಾತು. ಎಚ್.ಎ.ಎಲ್., ಎಚ್.ಎಂ.ಟಿ., ಐ.ಟಿ.ಐ., ಬಿ.ಇ.ಎಲ್. ಕಾರ್ಖಾನೆಗಳ ಪಾಳಿ ಬಿಟ್ಟಾಗ ರಸ್ತೆ ತುಂಬ ಸೈಕಲ್ಲೇ ಇರುತ್ತಿದ್ದ ಕಾಲವನ್ನು ಹಿರಿಯ ಕೇಳುಗರು ಬಲ್ಲರು. ಡೈನಮೋ ದೀಪ ಇಲ್ಲದಿದ್ದರೆ, ಡಬಲ್ಸ್ ಹೊಡೆದರೆ ಪೊಲೀಸಿನವರು ಚಕ್ರದ ಗಾಳಿ ಬಿಡುತ್ತಿದ್ದರು. ಅದರ ನೆನಪಿನಲ್ಲೇ ಮುಳುಗಿ ಪ್ರಯೋಜನವಿಲ್ಲ. ಆಗ ಸೈಕಲ್ಲಿನ ಜೊತೆ ಓಡುವ ಗಾಡಿಗಳು ಕಡಿಮೆ ಇದ್ದವು, ಅಷ್ಟೇ. 2017ರ ಜೂನಿನಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಬಂತು. ಒಂದು ಕಡೆ ಸೈಕಲ್ ತೆಗೆದುಕೊಂಡು ಇನ್ನೊಂದು ಕಡೆ ಬಿಡುವ ಏರ್ಪಾಟು, ನಾನೂರೈವತ್ತು ಸೈಕಲ್ಲುಗಳೊಂದಿಗೆ ಶುರುವಾದದ್ದು. ಮೈಸೂರಿಗೆ ಅದು ಹೊಂದಿದ್ದಕ್ಕೆ ದೂರ ಕಡಿಮೆ, ರಸ್ತೆಗಳ ಅಗಲ ಚೆನ್ನಾಗಿದೆ ಎಂಬ ಕಾರಣವೂ ಇದೆ. ಬೆಂಗಳೂರಿನಲ್ಲಿ ಊರ ನಡುವೆ ಬಣ್ಣ ಬಳಿದು ಬಿಟ್ಟ ಸೈಕಲ್ ಪಥಗಳು ಎಷ್ಟೋ ಕಡೆ ಬೈಕು ನಿಲ್ಲಿಸುವ ಜಾಗವಾದವು. ಬಣ್ಣ ಯಾರನ್ನೂ ತಡೆಯುವುದಿಲ್ಲ.

ಇಷ್ಟೆಲ್ಲಕ್ಕೂ ಜಾಗ ಎಲ್ಲಿಂದ ತರುವುದು? ಈ ಪ್ರಶ್ನೆ ಬಂದಾಗ ಎಲ್ಲರೂ ಮೊದಲು ನೋಡುವುದು ಬೀದಿಬದಿಯ ವ್ಯಾಪಾರಿಯ ಕಡೆಗೆ. ಹೂವಿನವಳನ್ನು ಎಬ್ಬಿಸಿ, ತಳ್ಳುಗಾಡಿ ಎತ್ತಿಕೊಂಡು ಹೋಗಿ, ‘ಒತ್ತುವರಿ ತೆರವು’ ಎನ್ನುತ್ತೇವೆ. ನಡೆಯುವ ಹೆಂಗಸಿಗೆ ರಾತ್ರಿ ಎಂಟಕ್ಕೆ ಆ ರಸ್ತೆಯಲ್ಲಿ ಧೈರ್ಯ ಕೊಡುವುದು ಅದೇ ಹೂವಿನವಳ ಬುಟ್ಟಿಯ ಮೇಲಿನ ದೀಪ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಜಾಗ ಗುರುತಿಸಿ ಕೊಡಿ ಎನ್ನುತ್ತದೆ, ಅದನ್ನು ಮಾಡಬೇಕು. ನಿಜವಾಗಿ ಜಾಗ ತಿಂದಿರುವುದು ಬೇರೆ. ಒಂದು ಕಾರು ನಿಲ್ಲಲು ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಬೇಕು. ಸುಮಾರು 135 ಚದರಡಿ, ಒಂದು ಮಲಗುವ ಕೋಣೆಯಷ್ಟು. ಅಷ್ಟು ದೊಡ್ಡ ಕೋಣೆಗೆ ಈ ಊರಿನಲ್ಲಿ ತಿಂಗಳ ಬಾಡಿಗೆ ಎಷ್ಟೆಂದು ಬಾಡಿಗೆ ಕಟ್ಟುವವರನ್ನು ಕೇಳಿ. ಅದೇ ಜಾಗ ರಸ್ತೆಬದಿಯಲ್ಲಿದ್ದರೆ ಕಾರಿಗೆ ರಾತ್ರಿ ಹಗಲು ಪುಕ್ಕಟೆ. ನಿಲುಗಡೆಗೆ ಹಣ ಕೇಳುವ ಮಾತೆತ್ತಿದ ಕೂಡಲೇ ಯಾವ ಪಕ್ಷದ ಕಾರ್ಪೊರೇಟರಿಗೂ ಗಂಟಲು ಕಟ್ಟುತ್ತದೆ.

ಅಂಗಡಿಯವರ ಭಯ ನಿಜವಾದ ಭಯ, ಅದನ್ನು ತಳ್ಳಿಹಾಕಬಾರದು. ಗಾಂಧಿ ಬಜಾರಿನ ರಸ್ತೆಯನ್ನು ನಡೆಯುವವರಿಗೆ ಅನುಕೂಲವಾಗುವಂತೆ ಮಾಡಲು ಹೊರಟಾಗ ಅಲ್ಲಿನ ವ್ಯಾಪಾರಿಗಳು ವಿರೋಧಿಸಿದರು. ಕಾಮಗಾರಿಯ ತಿಂಗಳುಗಳಲ್ಲಿ ಗಿರಾಕಿ ಬರದಿದ್ದರೆ ಬಾಡಿಗೆ ಯಾರು ಕಟ್ಟಬೇಕು? ಆ ಕೋಪ ನ್ಯಾಯವಾದದ್ದು, ಕೆಲಸ ಬೇಗ ಮುಗಿಸುವುದೇ ಅದಕ್ಕೆ ಉತ್ತರ. ಆದರೆ ಕಾರು ನಿಲ್ಲದಿದ್ದರೆ ವ್ಯಾಪಾರವೇ ಸತ್ತುಹೋಗುತ್ತದೆ ಎನ್ನುವುದನ್ನು ನಾನು ಒಪ್ಪಲಾರೆ. ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯುವವರನ್ನು ನೋಡಿ, ವೀಳ್ಯದೆಲೆ, ಬಾಳೆಲೆ, ಸೇವಂತಿಗೆ ಕೊಳ್ಳುವವರನ್ನು ನೋಡಿ. ಕೊಳ್ಳುವುದು ಕಾಲ ಮೇಲೆ ನಿಂತವರು. ಕಾರಿನಲ್ಲಿ ಹಾದುಹೋಗುವವನು ಹೂವಿನ ಬೆಲೆ ಕೇಳುವುದಿಲ್ಲ. ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ 2021ರ ಫೆಬ್ರುವರಿಯವರೆಗೆ ವಾರಾಂತ್ಯದಲ್ಲಿ ವಾಹನ ಸಂಚಾರ ನಿಲ್ಲಿಸಿ ನೋಡಿದರು. ಕೋವಿಡ್ಡಿನ ಭಯದ ನಡುವೆಯೂ ಬೀದಿಯಲ್ಲಿ ಜನ ತುಂಬಿದರು. ಭಾರತೀಯ ವಿಜ್ಞಾನ ಸಂಸ್ಥೆಯವರು ಅದರ ಅಧ್ಯಯನವನ್ನೂ ಮಾಡಿದರು. ಕಬ್ಬನ್ ಪಾರ್ಕಿನೊಳಗೆ ಭಾನುವಾರ ಗಾಡಿ ಬಿಡುವುದಿಲ್ಲ ಎಂದಾಗಲೂ ಊರು ಮುಳುಗುತ್ತದೆ ಎಂದವರಿದ್ದರು.

ಹಣವಿಲ್ಲ ಎನ್ನುವ ಮಾತು ಒಂದು ಉಳಿದಿದೆ. 2016ರ ಅಕ್ಟೋಬರಿನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡ ಎಂದು ಬೆಂಗಳೂರಿನವರು ಕೈ ಕೈ ಹಿಡಿದು ರಸ್ತೆಯಲ್ಲಿ ನಿಂತಿದ್ದರು, ಮರುವರ್ಷ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿಯ ಸುರಂಗ ರಸ್ತೆಯ ಮಾತು, ಸಾವಿರಾರು ಕೋಟಿ ರೂಪಾಯಿಗಳ ಮಾತು. ಅಷ್ಟು ಹಣ ಇರುವ ಊರಿಗೆ ಚಪ್ಪಡಿ ಸಮ ಮಾಡಲು ಹಣವಿಲ್ಲ ಎಂದರೆ ನಂಬುವುದು ಕಷ್ಟ. ಒತ್ತುವರಿಯಿಲ್ಲದ ಫುಟ್‌ಪಾತು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಳೆಯ ಬಿ.ಬಿ.ಎಂ.ಪಿ. ಹೋಗಿ ಐದು ಪಾಲಿಕೆಗಳು ಬಂದಿವೆ. ಬೋರ್ಡು ಬದಲಾಗುವ ಹೊತ್ತಿನಲ್ಲಿ ಕೆಲಸವನ್ನೂ ಕೇಳಬಹುದು.

ಹೀಗೆ ಕೇಳಿ. ನಿಮ್ಮ ಹತ್ತಿರದ ಬಸ್ ನಿಲ್ದಾಣದಲ್ಲಿ ಸಂಜೆ ಏಳೂವರೆಗೆ ನಾಲ್ಕು ಮನೆಯವರು ಸೇರಿ. ವಾರ್ಡಿನ ಎಂಜಿನಿಯರನ್ನು ಕರೆಯಿರಿ. ಮೊದಲ ಸಲ ಬರುವುದಿಲ್ಲ, ಎರಡನೇ ಸಲ ಸಹಾಯಕರನ್ನು ಕಳಿಸುತ್ತಾರೆ, ಬಿಡಬೇಡಿ. ಯಾರ ಮನೆಯಿಂದಲಾದರೂ ಒಂದು ಗಾಲಿಕುರ್ಚಿಯೋ ಮಗುವನ್ನು ಕೂರಿಸುವ ತಳ್ಳುಗಾಡಿಯೋ ತನ್ನಿ. ಅದನ್ನು ತಳ್ಳಿಕೊಂಡು ನಿಲ್ದಾಣದಿಂದ ಐನೂರು ಮೀಟರು ಫುಟ್‌ಪಾತಿನ ಮೇಲೆಯೇ ಹೋಗಿ. ತಳ್ಳುವ ಕೆಲಸ ಎಂಜಿನಿಯರಿಗೇ ಕೊಡಿ. ಎಲ್ಲೆಲ್ಲಿ ರಸ್ತೆಗೆ ಇಳಿಯಬೇಕಾಯಿತೋ, ಎಲ್ಲೆಲ್ಲಿ ದೀಪವಿಲ್ಲವೋ ಒಂದು ಹಾಳೆಯಲ್ಲಿ ಬರೆದುಕೊಂಡು ಅಲ್ಲೇ ಅವರ ಸಹಿ ಹಾಕಿಸಿ. ಮುಂದಿನ ವರ್ಷದ ಕಾಮಗಾರಿಯ ಪಟ್ಟಿಯಲ್ಲಿ ಆ ಹಾಳೆ ಸೇರಿತೇ ಇಲ್ಲವೇ ಎಂದು ಕೇಳುವುದಕ್ಕೆ ವಾರ್ಡ್ ಸಮಿತಿಯ ಸಭೆಗಳಿವೆ. ಅಲ್ಲಿಗೆ ನಡೆದೇ ಹೋಗಬಹುದಾದರೆ ಇನ್ನೂ ಒಳ್ಳೆಯದು.